ದೀಪಸ್ತಂಭದ ದ್ವೀಪ ಮತ್ತು ಬೀಜದ ಶುದ್ಧತೆ

ಪಕ್ಕದ ಹೊಲದಲ್ಲಿ ಹೈಬ್ರಿಡ್ ಇರುವಾಗ ಬಿಳಿ ಕಾಳಿನ ನಾಟಿ ಮುಸುಕಿನ ಜೋಳದ ಬೀಜವನ್ನು ಬೆರಕೆಯಾಗದಂತೆ ಉಳಿಸಿಕೊಳ್ಳುವುದು ಹೇಗೆಂದು ನಮ್ಮ ಬಳಗದ ದೊಡ್ಡಬಳ್ಳಾಪುರದ ಸದಸ್ಯರು ಕೇಳಿದ್ದಾರೆ. ಇದಕ್ಕೆ ಉತ್ತರ ಹುಡುಕುವಾಗ ನನಗೆ ಮೊದಲು ನೆನಪಾಗುವುದು ಅಮೆರಿಕದ ಮಿಶಿಗನ್ ಸರೋವರದಲ್ಲಿರುವ ಸೌತ್ ಮ್ಯಾನಿಟೋ ದ್ವೀಪ.

ಹಲಸೂರು ಕೆರೆಯ ನಡುಗಡ್ಡೆಗಳನ್ನು ಕಣ್ಣ ಮುಂದಿಟ್ಟುಕೊಂಡರೆ ಅಂದಾಜು ತಪ್ಪುತ್ತದೆ. ಆ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ದ್ವೀಪದ್ದು ಸುಮಾರು 21. ಪಶ್ಚಿಮದ ಅಂಚಿನಲ್ಲಿ ಹಿಮನದಿ ಬಿಟ್ಟುಹೋದ ಮಣ್ಣಿನ ದಿಣ್ಣೆಗಳ ಮೇಲೆ ಗಾಳಿ ತಂದು ಪೇರಿಸಿದ ಮರಳುಗುಡ್ಡಗಳು ನೀರಿನ ಮಟ್ಟದಿಂದ 300 ಅಡಿಗೂ ಎತ್ತರಕ್ಕೆ ನಿಂತಿವೆ. ಪೂರ್ವಕ್ಕೆ ಅರ್ಧಚಂದ್ರಾಕಾರದ ಆಳವಾದ ಕೊಲ್ಲಿಯಿದ್ದು, ಬಿರುಗಾಳಿಗೆ ಸಿಕ್ಕಿದ ಹಡಗುಗಳು ಅಲ್ಲಿ ಆಶ್ರಯ ಪಡೆಯುತ್ತಿದ್ದವು. ಅವುಗಳಿಗೆ ದಾರಿ ತೋರಿಸಲೆಂದೇ 1871ರಲ್ಲಿ ಕಟ್ಟಿದ, ಸುಮಾರು ನೂರು ಅಡಿಯ ದೀಪಸ್ತಂಭ ಆಗ್ನೇಯ ತುದಿಯಲ್ಲಿ ಈಗಲೂ ಇದೆ.

ಹಡಗುಗಳಿಗೆ ಅಪಾಯ ತರುತ್ತಿದ್ದ ಆ ನೀರೇ ರೈತರಿಗೆ ಬೇಲಿಯಾಯಿತು. ಗೋಧಿಯನ್ನು ಹೋಲುವ ರೈ ಧಾನ್ಯದ ಪರಾಗ ಮುಸುಕಿನ ಜೋಳದ ಪರಾಗದಂತೆಯೇ ಗಾಳಿಯಲ್ಲಿ ಹರಡುತ್ತದೆ, ಮುಖ್ಯಭೂಮಿಯ ಹೊಲಗಳಲ್ಲಿ ತಳಿಗಳು ಬೇಗ ಬೆರೆತುಹೋಗುತ್ತವೆ. ಕಳೆದ ಶತಮಾನದ ಆರಂಭದಲ್ಲಿ ರಷ್ಯಾ ಮೂಲದ ‘ರೋಸನ್’ ಎಂಬ ಉತ್ತಮ ರೈ ತಳಿಯ ಬೀಜವನ್ನು ಈ ದ್ವೀಪದಲ್ಲಿ ಬೆಳೆದಾಗ, ಬೇರೆ ರೈ ಬಿತ್ತಬಾರದೆಂದು ದ್ವೀಪದ ರೈತರೆಲ್ಲರೂ ಒಪ್ಪಿಕೊಂಡಿದ್ದರು. ನನಗೆ ಆ ನೀರಿನ ಅಂತರಕ್ಕಿಂತ ಈ ಒಪ್ಪಂದವೇ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಒಬ್ಬನೇ ಒಬ್ಬ ಬೇರೆ ತಳಿ ಬಿತ್ತಿದ್ದರೂ ನೀರಿನ ಬೇಲಿ ವ್ಯರ್ಥವಾಗುತ್ತಿತ್ತು.

ನಮಗೆ ಆ ಸೌಕರ್ಯವಿಲ್ಲ. ಹೆಸರಘಟ್ಟದ ಬಳಿಯ ನನ್ನ ತುಂಡು ಜಮೀನಿನಲ್ಲಿ ಕಳೆದ ಮುಂಗಾರಿನ ತೆನೆಯೊಂದರ ಸಿಪ್ಪೆ ಸುಲಿದಾಗ, ಬಿಳಿ ಕಾಳುಗಳ ನಡುವೆ ನಾಲ್ಕು ಹಳದಿ ಕಾಳುಗಳು ಹೊಳೆಯುತ್ತಿದ್ದವು. ಪಕ್ಕದ ಹೊಲದ ಪರಾಗ ಅದೇ ಬೆಳೆಯಲ್ಲೇ ತನ್ನ ಗುರುತು ಬಿಟ್ಟಿತ್ತು. ಮುಸುಕಿನ ಜೋಳದ ಪ್ರಮಾಣೀಕೃತ ಬೀಜಕ್ಕೆ ಬೇರೆ ತಳಿಯ ಹೊಲದಿಂದ 200 ಮೀಟರ್ ಅಂತರ ಬೇಕು (ರಾಗಿಗಾದರೆ 3 ಮೀಟರ್ ಸಾಕು, ಅದು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ). ಅಷ್ಟು ಜಾಗ ಇಲ್ಲದವರು ಕಾಲದಲ್ಲಿ ಅಂತರ ಮಾಡಿಕೊಳ್ಳಬೇಕು: ನೆರೆಯವರ ಬಿತ್ತನೆಯ ದಿನವನ್ನು ಮೊದಲೇ ಕೇಳಿಕೊಂಡು, ಅವರ ಬೆಳೆಯ ಸೂಲಂಗಿ (ಗಿಡದ ತುದಿಯ ಗಂಡು ಹೂ) ಪರಾಗ ಉದುರಿಸಿ ಮುಗಿದ ಮೇಲೆ ನಮ್ಮ ತೆನೆಯ ರೇಷ್ಮೆ (ಪರಾಗ ಹಿಡಿಯುವ ಎಳೆಗಳು) ಹೊರಬರುವಂತೆ ನಾಲ್ಕು ವಾರ ತಡವಾಗಿ ಬಿತ್ತಬೇಕು. ಬೀಜಕ್ಕೆ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನ ತೆನೆಗಳನ್ನೇ ಆರಿಸಿ, ಹಳದಿ ಕಾಳು ಕಂಡ ತೆನೆಯನ್ನು ಪೂರ್ತಿಯಾಗಿ ಅಡುಗೆಗೆ ಕಳುಹಿಸಿ.