ದ್ರಾಕ್ಷಿ ತೋಟಕ್ಕೆ ಇಬ್ಬರೇ ಹೊರಟಾಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಫೆಬ್ರವರಿಗೆ ನಮ್ಮ ಮದುವೆಯಾಗಿ ಆರು ವರ್ಷ. ಮಗಳನ್ನು ಮಂಡ್ಯದ ಅತ್ತೆ ಮನೆಯಲ್ಲಿ ಬಿಟ್ಟು, ಶನಿವಾರ ಭಾನುವಾರ ಇಬ್ಬರೇ ಯಾವುದಾದರೂ ವೈನ್ ತೋಟಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ನನ್ನ ಹೆಂಡತಿ ಇದುವರೆಗೆ ವೈನ್ ರುಚಿ ನೋಡಿರುವುದು ಒಂದೇ ಸಲ. ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕೊಟ್ಟ ಅರ್ಧ ಲೋಟ ಸಿಹಿ ವೈನ್. ನಾಸಿಕ್, ನಂದಿ ಬೆಟ್ಟ, ಕೊಡಗು ಅಂತ ಪಟ್ಟಿ ಮಾಡಿದ್ದೇನೆ. ಕಾರಿದೆ. ಹೇಗೆ ಯೋಜಿಸಲಿ?

ಉತ್ತರ: ಪಟ್ಟಿಯಿಂದ ಮೊದಲು ನಾಸಿಕ್ ಹೊಡೆದುಹಾಕಿ. ಜಾಗ ಚೆನ್ನಾಗಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೈಸೂರಿನಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಎರಡು ದಿನದಲ್ಲಿ ಹೋಗಿ ಬಂದರೆ ನಿಮಗೆ ನೆನಪಿರುವುದು ರಸ್ತೆ ಮತ್ತು ಏರ್‌ಪೋರ್ಟ್ ಮಾತ್ರ. ನಾಲ್ಕೈದು ದಿನ ರಜೆ ಸಿಕ್ಕ ವರ್ಷಕ್ಕೆ ಅದನ್ನು ಎತ್ತಿಡಿ. ಕೊಡಗಿನಲ್ಲಿ ರಸ್ತೆ ಬದಿ ಅಂಗಡಿಗಳಲ್ಲಿ ಸಿಗುವ ಹೋಮ್‌ಮೇಡ್ ವೈನ್ ಬೇರೆಯೇ ಲೋಕ. ಹಣ್ಣಿನದ್ದು, ಸಿಹಿ ಹೆಚ್ಚು. ದ್ರಾಕ್ಷಿ ತೋಟ ನೋಡುವ ಆಸೆ ಅದರಿಂದ ತೀರುವುದಿಲ್ಲ.

ಇನ್ನು ಉಳಿದದ್ದು ನಂದಿ ಕಡೆ. ಅಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಜಂಪಾ ಎಂಬ ವೈನರಿ ಇದೆ. ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತಂದು ಬೆಳೆಸಿದ ಜಾಗ. ಕಂಪನಿ ಶುರುವಾಗಿದ್ದು 1988ರಲ್ಲಿ. ಆದರೆ ಮೈಸೂರಿನಿಂದ ಅಲ್ಲಿಗೆ ಸುಮಾರು 200 ಕಿ.ಮೀ., ನಡುವೆ ಬೆಂಗಳೂರು. ಶನಿವಾರ ಬೆಳಿಗ್ಗೆ ಆ ಟ್ರಾಫಿಕ್ ದಾಟಿ ಹೋಗುವಷ್ಟರಲ್ಲಿ ಹೊಸ ಮದುವೆಯವರೂ ಮಾತು ಬಿಟ್ಟಿರುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಹೇಳುತ್ತೇನೆ. ಚನ್ನಪಟ್ಟಣ. ನಗಬೇಡಿ. ಬೆಂಗಳೂರಿಗೆ ಹೋಗುವಾಗಲೆಲ್ಲ ನೀವು ದಾಟಿ ಹೋಗುವ ಊರೇ. ಅಲ್ಲಿ ಡೊಮೈನ್ ಸುಲಾ ಎಂಬ ವೈನರಿ ಇದೆ. ಮೊದಲು ಹೆರಿಟೇಜ್ ವೈನರಿ ಅಂತಿತ್ತು, ಆಮೇಲೆ ನಾಸಿಕ್‌ನ ಸುಲಾದವರು ಕೊಂಡುಕೊಂಡರು. ನಾಸಿಕ್‌ನಲ್ಲಿ ಕಾಣುವಷ್ಟು ವಿಸ್ತಾರದ ತೋಟ ಇಲ್ಲಿಲ್ಲ, ಆ ನಿರೀಕ್ಷೆ ಬೇಡ. ಆದರೆ ವೈನ್ ತಯಾರಾಗುವ ಬಗೆ ನೋಡಬಹುದು, ರುಚಿ ನೋಡಬಹುದು, ಕೂತು ಊಟ ಮಾಡಬಹುದು. ಮೈಸೂರಿನಿಂದ ಎಂಬತ್ತು ಚಿಲ್ಲರೆ ಕಿ.ಮೀ., ಮಂಡ್ಯದಿಂದ ಸುಮಾರು ನಲವತ್ತು. ಮಗಳು ರಾತ್ರಿ ಅಮ್ಮ ಬೇಕು ಅಂತ ಹಟ ಹಿಡಿದರೂ ಒಂದು ಗಂಟೆಯಲ್ಲಿ ತಲುಪಬಹುದು. ಆರು ವರ್ಷದ ನಂತರ ಮೊದಲ ಸಲ ಇಬ್ಬರೇ ಹೊರಟವರಿಗೆ ಈ ನೆಮ್ಮದಿ ಸಣ್ಣದಲ್ಲ.

ಈಗ ಕಾರಿನ ವಿಷಯ. ಇದೇ ನಿಮ್ಮ ಯೋಜನೆಯ ದೊಡ್ಡ ತಪ್ಪು. ಒಂದು ಟೇಸ್ಟಿಂಗ್ ಅಂದರೆ ಸಾಮಾನ್ಯವಾಗಿ ಐದಾರು ಬಗೆಯ ವೈನ್, ಒಂದೊಂದೂ 30 ಮಿಲಿ ಆಸುಪಾಸು. ನೋಡಲು ಗುಟುಕು ಗುಟುಕು. ಕೂಡಿಸಿದರೆ 150ರಿಂದ 180 ಮಿಲಿ, ಅಂದರೆ ತುಂಬಿದ ಒಂದು ಗ್ಲಾಸು. ವೈನ್‌ನಲ್ಲಿ ಮದ್ಯಾಂಶ ಶೇಕಡಾ 12ರಿಂದ 14ರಷ್ಟು. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಆ ಒಂದು ಗ್ಲಾಸೇ ಮಿತಿ ದಾಟಿಸಲು ಸಾಕಾಗಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ವಾರ್ಷಿಕೋತ್ಸವದ ದಿನ ಊದಿ ತೋರಿಸುವ ಮೆಷಿನ್ ಮುಂದೆ ನಿಲ್ಲುವುದು ಯಾಕೆ? ಕಾರು ಮಂಡ್ಯದಲ್ಲಿ ಮಾವನ ಮನೆ ಮುಂದೆ ನಿಲ್ಲಿಸಿ. ಅಲ್ಲಿಂದ ರೈಲು ಹತ್ತಿ. ಮಂಡ್ಯ, ಮದ್ದೂರು, ಚನ್ನಪಟ್ಟಣ ಒಂದೇ ಹಳಿ ಮೇಲಿವೆ. ಸ್ಟೇಷನ್‌ನಿಂದ ಆಟೊ ಅಥವಾ ಟ್ಯಾಕ್ಸಿ. ರೈಲು ಮದ್ದೂರಿಗೆ ಬರುವಷ್ಟರಲ್ಲಿ ವಡೆಯವರು ಹತ್ತೇ ಹತ್ತುತ್ತಾರೆ. ಅವಳಿಗೊಂದು, ನಿಮಗೊಂದು ತಗೊಳ್ಳಿ. ಇದು ಸುಮ್ನೆ ಆಸೆಗೆ ಹೇಳುತ್ತಿಲ್ಲ, ಖಾಲಿ ಹೊಟ್ಟೆಯಲ್ಲಿ ವೈನ್ ಬೇಗ ತಲೆಗೇರುತ್ತೆ.

ಟೇಸ್ಟಿಂಗ್ ಊಟಕ್ಕೆ ಮೊದಲು, ಹನ್ನೊಂದು ಹನ್ನೆರಡರ ಹೊತ್ತಿಗೆ ಇಟ್ಟುಕೊಳ್ಳಿ. ನಾಲಿಗೆ ಆಗ ಚುರುಕಾಗಿರುತ್ತೆ. ಮುಂಚೆಯೇ ಫೋನ್ ಮಾಡಿ ಬುಕ್ ಮಾಡಿ, ಶುಲ್ಕ ಎಷ್ಟು, ಎಷ್ಟು ಬಗೆ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ಆ ವಾರ ಚುನಾವಣೆ ಇದೆಯಾ ಅಂತಲೂ ನೋಡಿ, ಇದ್ದರೆ ಮತದಾನ ಮುಗಿಯುವ 48 ಗಂಟೆ ಮೊದಲೇ ಮದ್ಯ ಬಂದ್. ಹೊರಡುವ ಒಂದು ಗಂಟೆ ಮುಂಚಿನಿಂದ ಫಿಲ್ಟರ್ ಕಾಫಿ ಬೇಡ, ಎಲೆ ಅಡಿಕೆ ಬೇಡ. ಸೆಂಟೂ ಬೇಡ.

ಮತ್ತೊಂದು ಮಾತು, ಹೆಂಡತಿಗೆ ನೀವೇ ಮೆಲ್ಲಗೆ ಹೇಳಿ: ಮುಡಿಗೆ ಮಲ್ಲಿಗೆ ಆ ಹೊತ್ತಿಗೆ ಬೇಡ. ಮೈಸೂರು ಮಲ್ಲಿಗೆಯ ಘಮದ ಮುಂದೆ ಯಾವ ವೈನಿನ ವಾಸನೆಯೂ ನಿಲ್ಲುವುದಿಲ್ಲ. ಅಲ್ಲಿ ಅರ್ಧ ಆಟ ಮೂಗಿನದೇ. ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಳ್ಳಿ. ಸಂಜೆ ನೀವೇ ಮುಡಿಸಿ.

ಗ್ಲಾಸು ಕೈಗೆ ಬಂದಾಗ ಗಾಬರಿ ಬೇಡ. ಕೆಳಗಿನ ಕಡ್ಡಿ ಹಿಡಿಯಿರಿ, ಬಟ್ಟಲನ್ನು ಹಿಡಿದರೆ ಅಂಗೈ ಬಿಸಿಗೆ ವೈನ್ ಬೆಚ್ಚಗಾಗುತ್ತೆ. ಸ್ವಲ್ಪ ವಾಲಿಸಿ ಬಿಳಿ ಕಾಗದದ ಮೇಲೆ ಬಣ್ಣ ನೋಡಿ. ಟೇಬಲ್ ಮೇಲಿಟ್ಟು ಮೆಲ್ಲಗೆ ಸುತ್ತಿಸಿ, ಮೂಗು ಒಳಗಿಟ್ಟು ವಾಸನೆ ತಗೊಳ್ಳಿ. ಅಲ್ಲಿನವರು ಪ್ಯಾಶನ್ ಫ್ರೂಟ್, ಬ್ಲ್ಯಾಕ್‌ಬೆರಿ ಅಂತೆಲ್ಲ ಹೇಳುತ್ತಾರೆ. ನಾವು ತಿಂದೇ ಇಲ್ಲದ ಹಣ್ಣು ಮೂಗಿಗೆ ಹೇಗೆ ಸಿಗಬೇಕು? ನಮ್ಮ ಹಣ್ಣುಗಳನ್ನೇ ಹುಡುಕಿ. ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್‌ನಲ್ಲಿ ಮಾಗಿದ ಸೀಬೆ ಹಣ್ಣು ಸಿಗಬಹುದು. ಇನ್ನೊಂದು ಬಿಳಿ, ಸೋವಿನ್ಯೋನ್ ಬ್ಲಾಂಕ್‌ನಲ್ಲಿ ಆಗಷ್ಟೇ ಹೆಚ್ಚಿದ ದಪ್ಪ ಮೆಣಸಿನಕಾಯಿ. ಶಿರಾಜ್ ಎಂಬ ಕೆಂಪು ವೈನ್‌ನಲ್ಲಿ ನೇರಳೆ, ಹಿಂದೆಯೇ ಕಾಳುಮೆಣಸು. ಕೆಂಪು ವೈನ್ ಕುಡಿದಾಗ ಬಾಯಿ ಒಣಗಿದ ಹಾಗೆ ಆಗುತ್ತಲ್ಲ, ಅದಕ್ಕೆ ಅವರು ಟ್ಯಾನಿನ್ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಒಗರು ಅಂತ ಎಂಥ ಒಳ್ಳೆಯ ಮಾತಿದೆ! ಬಾಳೆಕಾಯಿ, ಎಳೆ ಅಡಿಕೆ ಗೊತ್ತಿರುವ ನಾಲಿಗೆಗೆ ಅದೇನೂ ಹೊಸದಲ್ಲ. ಬಿಳಿ ವೈನ್‌ಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜದ ಜೊತೆಯೇ ಹುಳಿಯಲು ಬಿಡುತ್ತಾರೆ. ಬಣ್ಣವೂ ಒಗರೂ ಬರುವುದು ಅಲ್ಲಿಂದ.

ನಿಮ್ಮ ಹೆಂಡತಿ ಮೊದಲು ಕುಡಿದದ್ದು ಸಿಹಿ ವೈನ್. ಆದ್ದರಿಂದ ಒಗರಿನ ಕೆಂಪು ವೈನ್ ಕ್ಯಾಬರ್ನೆಯಿಂದ ಶುರು ಮಾಡಿಸಬೇಡಿ, ಮುಖ ಕಿವುಚಿ ಗ್ಲಾಸು ನಿಮ್ಮ ಕಡೆ ತಳ್ಳುತ್ತಾರೆ. ಶೆನಿನ್ ಬ್ಲಾಂಕ್‌ನಿಂದ ಹೊರಡಿ. ಊಟಕ್ಕೆ ಖಾರದ್ದು ತರಿಸಿದರೂ ಇದೇ ಸರಿ. ಖಾರದ ಮೇಲೆ ಗಟ್ಟಿ ಕೆಂಪು ವೈನ್ ಕುಡಿದರೆ ಖಾರ ಇನ್ನೂ ಹತ್ತುತ್ತೆ. ನಾಟಿ ಕೋಳಿ ಸಾರಿಗೆ ಶಿರಾಜ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದೇ ವೈನರಿ ಸಾಕು. ಒಂದು ಟೇಸ್ಟಿಂಗ್ ಆದ ಮೇಲೆ ನಾಲಿಗೆಗೆ ಮತ್ತೇನೂ ಗೊತ್ತಾಗುವುದಿಲ್ಲ. ಸಂಜೆ ಕಣ್ವ ಜಲಾಶಯದ ಕಡೆ ಹೋಗಿ ಸುಮ್ನೆ ಕೂತು ಬನ್ನಿ. ಉಳಿಯಲು ಚನ್ನಪಟ್ಟಣ, ರಾಮನಗರದ ಸುತ್ತ ರೆಸಾರ್ಟ್‌ಗಳಿವೆ. ಮದುವೆ ಸೀಸನ್ ಆಗಿದ್ದರೆ ಬುಕ್ ಮಾಡುವ ಮುಂಚೆ ಆ ದಿನ ಅಲ್ಲಿ ಆರತಕ್ಷತೆ ಇದೆಯಾ ಅಂತ ಕೇಳಿ. ಆರ್ಕೆಸ್ಟ್ರಾ ಪಕ್ಕದಲ್ಲಿ ಪ್ರೇಮ ಕಷ್ಟ. ಭಾನುವಾರ ತಡವಾಗಿ ಎದ್ದು, ಬೇಕಿದ್ದರೆ ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಹೋಗಿ. ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಮಗಳಿಗೆ ಬೊಂಬೆ. ಆಲೆ ಮರದ್ದು, ಅರಗಿನ ಬಣ್ಣದ್ದು ಕೇಳಿ ತಗೊಳ್ಳಿ, ಪ್ಲಾಸ್ಟಿಕ್ಕೂ ಅದೇ ಸಾಲಿನಲ್ಲಿ ನೇತಾಡುತ್ತಿರುತ್ತೆ.

ಪ್ರಶ್ನೆ: ಮಂಡ್ಯದವಳು. ನಾನು ಕುಡಿಯುವುದಿಲ್ಲ, ಮುಂದೆಯೂ ಕುಡಿಯುವುದಿಲ್ಲ. ನಮ್ಮ ಯಜಮಾನರಿಗೆ ನಂದಿ ಬೆಟ್ಟದ ಕಡೆ ವೈನ್ ತೋಟಕ್ಕೆ ಕರೆದುಕೊಂಡು ಹೋಗುವ ಉತ್ಸಾಹ. ಅವರು ಗ್ಲಾಸು ಹಿಡಿದು ಕೂತರೆ ನಾನೇನು ಮಾಡಲಿ? ಅತ್ತೆಗೆ ಏನಂತ ಹೇಳಿ ಹೋಗಲಿ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಭೋಗನಂದೀಶ್ವರನ ದರ್ಶನಕ್ಕೆ ಹೋಗುತ್ತಿದ್ದೇವೆ ಅನ್ನಿ. ಸುಳ್ಳಾಗದ ಹಾಗೆ ನಿಜವಾಗಿಯೂ ಹೋಗಿ. ನಂದಿ ಬೆಟ್ಟದ ಬುಡದ ಆ ದೇವಸ್ಥಾನ 9ನೇ ಶತಮಾನದಿಂದ ಬೆಳೆಯುತ್ತ ಬಂದದ್ದು. ಮೇಲೆ ಬೆಟ್ಟದಲ್ಲಿರುವವನು ಯೋಗನಂದೀಶ್ವರ, ಎಲ್ಲ ಬಿಟ್ಟವನು. ಕೆಳಗಿರುವವನು ಭೋಗದವನು. ಕೆಳಗಿನ ಆವರಣದಲ್ಲೇ ಅರುಣಾಚಲೇಶ್ವರ, ಭೋಗನಂದೀಶ್ವರರ ಎರಡು ಗುಡಿಗಳ ನಡುವೆ ಉಮಾಮಹೇಶ್ವರರ ಸಣ್ಣ ಗುಡಿ, ಅದರ ಮುಂದೆ ಕುಸುರಿ ಕೆಲಸದ ಕಲ್ಯಾಣ ಮಂಟಪ. ಗಂಡ ಹೆಂಡತಿ ಹೋಗುವುದಕ್ಕೆ ಇದಕ್ಕಿಂತ ಸರಿಯಾದ ಗುಡಿ ಆ ಸುತ್ತಿನಲ್ಲಿ ನನಗೆ ಗೊತ್ತಿಲ್ಲ. ಬೆಳಿಗ್ಗೆ ಬೇಗ ಹೋಗಿ, ಕಲ್ಲು ಕಾಯುವ ಮುಂಚೆ.

ವೈನರಿಯಲ್ಲಿ ಕುಡಿಯಲೇಬೇಕು ಅಂತ ಯಾರೂ ಹೇಳುವುದಿಲ್ಲ. ನೋಡುವುದಕ್ಕೇ ಬೇಕಾದಷ್ಟಿದೆ. ನೀವು ಮಂಡ್ಯದವರು, ಆಲೆಮನೆ ನೋಡಿರುತ್ತೀರಿ. ಕಬ್ಬಿಗೆ ಬ್ರಿಕ್ಸ್, ಅಂದರೆ ರಸದ ಸಕ್ಕರೆಯ ಅಳತೆ ನೋಡುವ ಹಾಗೆ ಇಲ್ಲೂ ಕೊಯ್ಲಿಗೆ ಮುಂಚೆ ದ್ರಾಕ್ಷಿಯ ಸಕ್ಕರೆ ಅಳೆಯುತ್ತಾರೆ, 22ರಿಂದ 24 ಬ್ರಿಕ್ಸ್ ಬಂದಾಗ ಕೊಯ್ಯುತ್ತಾರೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯ ಮಾಡುತ್ತೆ. ವೈನ್ ದ್ರಾಕ್ಷಿ ಒಂದು ಕಾಳು ಕೇಳಿ ತಿಂದು ನೋಡಿ. ಸಣ್ಣದು, ಸಿಪ್ಪೆ ದಪ್ಪ, ಬೀಜ ಜಾಸ್ತಿ, ಗಾಡಿಯಲ್ಲಿ ಸಿಗುವುದಕ್ಕಿಂತ ಸಿಹಿ. ಹೊರಗೆ ಆ ಸೀಮೆಯದೇ ಬೆಂಗಳೂರು ಬ್ಲೂ ಸಿಗುತ್ತೆ, ಸಿಪ್ಪೆ ಹಿಚುಕಿದರೆ ಒಳಗಿನ ತಿರುಳು ಬಾಯಿಗೆ ಜಾರುವ ಕಪ್ಪು ದ್ರಾಕ್ಷಿ. ಅದಕ್ಕೆ ಜಿಐ, ಅಂದರೆ ಆ ಸೀಮೆಯದೇ ಬೆಳೆ ಎಂಬ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಎರಡನ್ನೂ ತಿಂದು ನೋಡಿದರೆ ಯಜಮಾನರಿಗಿಂತ ನಿಮಗೇ ಜಾಸ್ತಿ ಗೊತ್ತಾಗುತ್ತೆ.

ಯಜಮಾನರಿಗೆ ಎರಡು ಮಾತು. ಅವಳು ಕುಡಿಯುವುದಿಲ್ಲ, ಅವಳೇ ಓಡಿಸಲಿ ಅಂತ ಲೆಕ್ಕ ಹಾಕಬೇಡಿ. ಅವರೂ ರಜೆಗೆ ಬಂದವರೇ, ಡ್ರೈವರ್ ಇರುವ ಕಾರು ಮಾಡಿ. ಮತ್ತೆ ಟೇಸ್ಟಿಂಗ್ ಒಂದು ಗಂಟೆಗೆ ಮುಗಿಯಬೇಕು. ಅದರ ಮೇಲೆ ಬಾಟಲಿ ತರಿಸಿ ಕೂತರೆ ಅದು ಊರಿನ ಬಾರೇ ಆಯಿತು, ಅಲ್ವಾ?

ಪ್ರಶ್ನೆ: ಜುಲೈಯಲ್ಲಿ ಹುಡುಗಿ ಜೊತೆ ಬುಲೆಟ್‌ನಲ್ಲಿ ಚನ್ನಪಟ್ಟಣಕ್ಕೆ ಹೋಗುವ ಪ್ಲಾನು. ದ್ರಾಕ್ಷಿ ತುಳಿಯುವ ಕಾರ್ಯಕ್ರಮ ಇರುತ್ತಾ? (ಮೈಸೂರು)

ಉತ್ತರ: ಇರುವುದಿಲ್ಲ, ಜುಲೈಯಲ್ಲಿ ಬಳ್ಳಿಯಲ್ಲಿ ಹಣ್ಣೇ ಇರುವುದಿಲ್ಲ. ಯುರೋಪಿನ ಬಳ್ಳಿಗೆ ಚಳಿಗಾಲದಲ್ಲಿ ನಿದ್ದೆ. ನಮ್ಮಲ್ಲಿ ಆ ಚಳಿ ಇಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಸವರಿ ಒಂದು ಬೆಳೆ ತೆಗೆಯುತ್ತಾರೆ. ಮಳೆ ಮುಗಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸವರಿದರೆ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ತುಳಿಯುವ ಮೋಜು ಆಗ. ಅದೂ ಫೋಟೊಗೆ, ವೈನ್ ಮಾಡುವುದು ಮೆಷಿನ್ನೇ. ಹೋದಾಗ ಬಿಳಿ ಪ್ಯಾಂಟು ಹಾಕಬೇಡಿ.

ಬುಲೆಟ್‌ಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಜಾಗ ಇಲ್ಲ. 2023ರ ಆಗಸ್ಟ್ 1ರಿಂದ ಬೈಕುಗಳು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕುಡಿಯುವ ಉದ್ದೇಶ ಇದ್ದರೆ ಬುಲೆಟ್ ಮನೆಯಲ್ಲೇ ಇರಲಿ. ಮೊದಲ ಪ್ರಶ್ನೆಯಲ್ಲಿ ಹೇಳಿದ ರೈಲು ನಿಮಗೂ ಇದೆ.

ಪ್ರಶ್ನೆ: ಹೋದ ತಿಂಗಳು ಇಬ್ಬರೂ ನಂದಿಗೆ ಹೋಗಿ ಬಂದೆವು. ನೆನಪಿಗೆ ಅಂತ ತಂದ ಬಾಟಲಿ ಶೋಕೇಸ್‌ನಲ್ಲಿದೆ. ಮುಂದಿನ ವಾರ್ಷಿಕೋತ್ಸವಕ್ಕೆ ತೆಗೆಯೋಣ ಅಂತ. ವೈನ್ ಹಳೆಯದಾದಷ್ಟೂ ಒಳ್ಳೆಯದು ತಾನೇ? (ಶ್ರೀರಂಗಪಟ್ಟಣ)

ಉತ್ತರ: ಎಲ್ಲ ವೈನೂ ಹಾಗಲ್ಲ. ಹೆಚ್ಚಿನವು ಬೇಗ ಕುಡಿಯಲೆಂದೇ ಮಾಡಿದವು, ಬಿಳಿಯಂತೂ ಖಂಡಿತ. ಶೋಕೇಸ್‌ನಲ್ಲಿ ಬೆಳಕು, ಮೇಲಿಂದ ನಮ್ಮ ಏಪ್ರಿಲ್ ಸೆಕೆ. ಎರಡೂ ವೈನಿಗೆ ಆಗುವುದಿಲ್ಲ. ನಾನೂ ಒಮ್ಮೆ ಈ ಪಾಠ ಕಲಿತೆ. ಮಾರ್ಚ್ ತಿಂಗಳು, ನಿಮ್ಮೂರಿನಲ್ಲೇ ಮಧ್ಯಾಹ್ನ ಕಾರು ನಿಲ್ಲಿಸಿ ಸಂಗಮಕ್ಕೆ ಹೋಗಿದ್ದೆ. ಡಿಕ್ಕಿಯಲ್ಲಿ ಒಳ್ಳೆಯ ಕೆಂಪು ವೈನ್ ಇತ್ತು. ಮನೆಗೆ ಬಂದು ನೋಡಿದರೆ ಬಿರಡೆ ಅರ್ಧ ಬೆರಳಿನಷ್ಟು ಮೇಲೆ ಬಂದು, ಪಕ್ಕದಲ್ಲಿದ್ದ ಹೆಂಡತಿಯ ಸೀರೆ ಕವರಿನ ಮೇಲೆಲ್ಲ ಸೋರಿತ್ತು. ವೈನ್ ಬೇಯಿಸಿದ ಹಣ್ಣಿನ ಹಾಗೆ ಆಗಿತ್ತು. ಸೀರೆ ಉಳಿಯಿತು, ಅದರಿಂದ ನಾನೂ ಉಳಿದೆ.

ಬಾಟಲಿಯನ್ನು ಇವತ್ತೇ ಶೋಕೇಸ್‌ನಿಂದ ಇಳಿಸಿ. ಬಿಳಿಯಾದರೆ ಫ್ರಿಜ್‌ನಲ್ಲಿಡಿ. ಕೆಂಪಾದರೆ ಕತ್ತಲೆಯ, ತಣ್ಣಗಿನ ಮೂಲೆ ನೋಡಿ. ಬಿರಡೆ ಇದ್ದರೆ ಮಲಗಿಸಿ ಇಡಿ, ಇಲ್ಲದಿದ್ದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತೆ. ತಿರುಗಿಸುವ ಮುಚ್ಚಳವಾದರೆ ನಿಲ್ಲಿಸಿದರೂ ನಡೆಯುತ್ತೆ. ಕುಡಿಯುವ ದಿನ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ರೂಮ್ ಟೆಂಪರೇಚರ್ ಅಂತ ಪುಸ್ತಕಗಳಲ್ಲಿ ಹೇಳುವುದು 16–18 ಡಿಗ್ರಿಯ ರೂಮಿಗೆ, ನಮ್ಮ ರೂಮಿಗಲ್ಲ. ತೆರೆದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ. ಮುಂದಿನ ವಾರ್ಷಿಕೋತ್ಸವದವರೆಗೆ ಯಾಕೆ ಕಾಯುತ್ತೀರಿ? ಈ ಶನಿವಾರವೇ ತೆಗೆಯಿರಿ.