ಸೋಯಾಬೀನಿಗೆ ಜೀವಾಣು ದ್ರಾವಣ, ಕಳೆನಾಶಕ ಎರಡನ್ನೂ ಒಂದೇ ಪಂಪಿನಲ್ಲಿ ಹೊಡೆಯಬಹುದೇ?

ಜೀವಾಣು ದ್ರಾವಣ, ಕಳೆನಾಶಕ ಎರಡನ್ನೂ ಕಲಸಿ ಒಂದೇ ಸಲ ಹೊಡೆದು ಒಂದು ಆಳಿನ ಕೂಲಿ ಉಳಿಸುವ ನಿಮ್ಮ ಲೆಕ್ಕ ಓದಿದ ಕೂಡಲೇ ನನಗೆ ನಮ್ಮ ಮನೆಯ ಹಳೆಯ ತಾಡಪಾಲು ನೆನಪಾಯಿತು.

ಧಾರವಾಡದ ಕಡೆ ನಮ್ಮದು ನಾಲ್ಕು ಎಕರೆ ಎರೆಹೊಲ. ಆ ವರ್ಷ ಮೃಗಶಿರಾ ಮಳೆ ಬಿದ್ದಿತ್ತು, ಕೂರಿಗೆ ಬಾಗಿಲಿಗೆ ಬಂದಿತ್ತು. ತಾಡಪಾಲಿನ ಮೇಲೆ ಬೀಜ ಹರಡಿ, ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ) ಕಲಸಿ ಹಚ್ಚಿದೆ. ಆಮೇಲೆ ನೋಡಿದರೆ ಶಿಲೀಂಧ್ರನಾಶಕದ ಪೊಟ್ಟಣ ಒಡೆದೇ ಇಲ್ಲ! ಬೀಜ ಹೇಗೂ ಹಸಿಯಾಗಿದೆ, ಚೆನ್ನಾಗಿ ಅಂಟುತ್ತದೆ ಎಂದು ಅದನ್ನೂ ಉದುರಿಸಿ ತಿಕ್ಕಿದೆ.

ತಪ್ಪಿದ್ದು ಅಲ್ಲೇ. ಶಿಲೀಂಧ್ರನಾಶಕ ಶಿಲೀಂಧ್ರವನ್ನಷ್ಟೇ ಕೊಲ್ಲುತ್ತದೆ, ಬ್ಯಾಕ್ಟೀರಿಯಾಕ್ಕೆ ಏನಾದೀತು ಎಂದುಕೊಂಡಿದ್ದೆ. ಎಷ್ಟೋ ಶಿಲೀಂಧ್ರನಾಶಕಗಳು ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ, ಅದರಲ್ಲೂ ಹಸಿ ಬೀಜದ ಮೈಮೇಲೆ ಎರಡೂ ಒಂದಕ್ಕೊಂದು ತಾಗಿ ಕೂತಾಗ. ಕ್ರಮ ಹೀಗಿರಬೇಕಿತ್ತು: ಮೊದಲು ಶಿಲೀಂಧ್ರನಾಶಕ, ಒಣಗಿದ ಮೇಲೆ ಕೀಟನಾಶಕ, ಕಟ್ಟಕಡೆಗೆ ರೈಜೋಬಿಯಂ. ಅದನ್ನೂ ನೆರಳಿನಲ್ಲಿ ಆರಿಸಿ, ಆವತ್ತೇ ಬಿತ್ತಬೇಕು. ನಾನು ಮಾಡಿದ್ದು ಪೂರಾ ತಲೆಕೆಳಗು.

ನಲವತ್ತು ದಿನಕ್ಕೆ ಎಲೆ ಹಳದಿಯಾಯಿತು. ಪಕ್ಕದ ಹೊಲದ ಕಾಕಾ ತಮ್ಮದೊಂದು ಗಿಡ, ನನ್ನದೊಂದು ಗಿಡ ಅಗೆದು ಬದುವಿನ ಮೇಲಿಟ್ಟರು. ಅವರ ಬೇರಿನ ತುಂಬ ಜೋಳದ ಕಾಳಿನಂಥ ಗಂಟುಗಳು, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಅಂದರೆ ಕೆಲಸ ಮಾಡುವ ಗಂಟು. ನನ್ನದರಲ್ಲಿ ಮೂರೇ ಗಂಟು, ಸೀಳಿದರೆ ಬಿಳಿ. ಗಾಬರಿಯಾಗಿ ಯೂರಿಯಾ ಎರಚಿದೆ. ಸಾರಜನಕ ಕುಳಿತಲ್ಲೇ ಸಿಕ್ಕರೆ ಬೇರು ಗಂಟು ಕಟ್ಟುವ ಕಷ್ಟ ಏಕೆ ಪಡುತ್ತದೆ? ಸೊಪ್ಪು ಸೊಂಪಾಗಿ ಬಂತು, ಕಾಯಿ ಬರಲಿಲ್ಲ.

ಹಾಗಾಗಿ, ಕಲಸಬಹುದೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರೈಜೋಬಿಯಂ ಇರಬೇಕಾದದ್ದು ಬೇರಿನ ಹತ್ತಿರ. ಅದನ್ನು ಬೀಜಕ್ಕೆ ಹಚ್ಚಿ ಮುಗಿಸಿ, ಪಂಪಿಗೆ ಸುರಿಯಲೇಬೇಡಿ. ಪೆಂಡಿಮೆಥಾಲಿನ್ ಎಂಬ ಕಳೆನಾಶಕ ಹೊಡೆಯುವುದಾದರೆ ಬಿತ್ತಿದ ಒಂದೆರಡು ದಿನದೊಳಗೆ ಅದೊಂದನ್ನೇ ಹೊಡೆಯಿರಿ. ಮುಂದೆ ಏಳುವ ಕಳೆಗೆ ನಾನಂತೂ ಎಡೆಕುಂಟೆಯನ್ನೇ ನಂಬಿದ್ದೇನೆ. ಬಿತ್ತುವಾಗ ಡಿಎಪಿ ಗೊಬ್ಬರ ಕೊಡಿ, ಯೂರಿಯಾ ಚೀಲವನ್ನು ಮನೆಯಲ್ಲೇ ಬಿಡಿ.

ಅಂಗಡಿಯವರು ‘ಬೆಳವಣಿಗೆ ಹೆಚ್ಚಿಸುವ ಜೀವಾಣು’ ಎಂದು ಕೊಡುವ ಬಾಟಲಿಗೆ ದುಡ್ಡು ಎಣಿಸುವ ಮುನ್ನ ಚೀಟಿ ಓದಿ. ಇಂಥ ಜೈವಿಕ ಪ್ರಚೋದಕಗಳೂ 2021ರಿಂದ ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶದಡಿ ಬರುತ್ತವೆ. ಪುಡಿ ರೂಪದ ರೈಜೋಬಿಯಂ ಆದರೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು. ಅವಧಿ ಮುಗಿದ, ಬಿಸಿಲಿಗೆ ಇಟ್ಟ ಪೊಟ್ಟಣ ಬರೀ ಕರಿಪುಡಿ.

ನಲವತ್ತನೇ ದಿನ ಹೊಲದ ನಾಲ್ಕು ಕಡೆ ಒಂದೊಂದು ಗಿಡ ಅಗೆದು ನೋಡಿ. ಕೀಳಬೇಡಿ, ಗಂಟುಗಳು ಮಣ್ಣಿನಲ್ಲೇ ಕಳಚಿ ಉಳಿಯುತ್ತವೆ.