ಸೈಕಲ್ ಪ್ರಶ್ನೋತ್ತರ: ಪ್ರಾಕ್ಟೀಸಿಗೆ ಯಾವ ಟೈರ್, ರೇಸಿಗೆ ಯಾವುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ರೋಡ್ ಬೈಕಿನ ಟೈರ್ ಬಗ್ಗೆಯೇ. ಒಂದೇ ಅರ್ಥದವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವಾರಕ್ಕೆ 250 ಕಿ.ಮೀ.ಯಷ್ಟು ಪ್ರಾಕ್ಟೀಸ್, ವರ್ಷಕ್ಕೆ ನಾಲ್ಕೈದು ರೇಸ್. ಎರಡಕ್ಕೂ ಒಂದೇ ಜೊತೆ ಟೈರ್ ಸಾಕೇ? ಬೇರೆ ಹಾಕಿದರೆ ನಿಜಕ್ಕೂ ಎಷ್ಟು ವ್ಯತ್ಯಾಸವಾಗುತ್ತದೆ?

ವ್ಯತ್ಯಾಸ ಚಿಕ್ಕದಲ್ಲ, ಲೆಕ್ಕ ಹಾಕಿಯೇ ನೋಡಬಹುದು. ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ಬಿಚ್ಚಿಕೊಳ್ಳುವಾಗ ರಬ್ಬರು ಮತ್ತು ಕೇಸಿಂಗಿನ (ರಬ್ಬರಿನ ಕೆಳಗಿರುವ ಬಟ್ಟೆಯಂಥ ಪದರ) ನೂಲು ಸ್ವಲ್ಪ ಶಕ್ತಿಯನ್ನು ಶಾಖವಾಗಿ ನುಂಗುತ್ತವೆ. ರಬ್ಬರು ದಪ್ಪವಾದಷ್ಟೂ, ಪಂಕ್ಚರ್ ತಡೆಯುವ ಪಟ್ಟಿ ಗಡುಸಾದಷ್ಟೂ ಈ ನಷ್ಟ ಜಾಸ್ತಿ. ಇದನ್ನು ಹೇಳುವ ಅಂಕಿಯೇ ರೋಲಿಂಗ್ ರೆಸಿಸ್ಟೆನ್ಸ್ ಗುಣಾಂಕ. ಒಳ್ಳೆಯ ರೇಸ್ ಟೈರಿಗೆ ಅದು 0.004ರ ಆಸುಪಾಸು, ಬಾಳಿಕೆಗೆಂದೇ ಮಾಡಿದ ಟೈರಿಗೆ 0.006, 0.007ರವರೆಗೂ ಹೋಗುತ್ತದೆ.

ಸವಾರ, ಸೈಕಲ್, ಬಾಟಲಿ ಎಲ್ಲ ಸೇರಿ 80 ಕೆ.ಜಿ. ಎಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಆ ಗುಣಾಂಕ 0.001ರಷ್ಟು ಏರಿದರೆ ಸುಮಾರು 6.5 ವಾಟ್ ಹೆಚ್ಚು ತುಳಿಯಬೇಕು. 0.004ರ ಬದಲು 0.007ರ ಟೈರ್ ಹಾಕಿದರೆ ಹತ್ತಿರಹತ್ತಿರ 20 ವಾಟ್, 40 ಕಿ.ಮೀ. ವೇಗದಲ್ಲಿ ಅದೇ 26 ವಾಟ್. ಟೈರ್ ಕೊಳ್ಳುವಾಗ ಹಲವರು ಮೊದಲು ನೋಡುವುದು ತೂಕ. ಆದರೆ ಜೊತೆಯಲ್ಲಿ 100 ಗ್ರಾಂ ಉಳಿಸಿದರೆ ಒಂದು ಗಂಟೆಯ ಏರಿನಲ್ಲಿ ಸಿಗುವುದು ನಾಲ್ಕೈದು ಸೆಕೆಂಡ್ ಮಾತ್ರ. ಕೇಸಿಂಗ್ ಎಷ್ಟು ಮೆದು, ರಬ್ಬರು ಎಂಥದ್ದು ಎಂಬುದೇ ಮುಖ್ಯ.

ಹಾಗಾದರೆ ಪ್ರಾಕ್ಟೀಸಿಗೂ ರೇಸ್ ಟೈರನ್ನೇ ಹಾಕಬಾರದೇಕೆ? ಪ್ರಾಕ್ಟೀಸಿನಲ್ಲಿ ಬೇಕಾದ್ದು ದೇಹಕ್ಕೆ ಶ್ರಮ. 200 ವಾಟ್ ತುಳಿದರೆ ಯಾವ ಟೈರಾದರೂ ಅದು 200 ವಾಟೇ. ಅಲ್ಲಿ ಬೆಲೆಯುಳ್ಳದ್ದು ಕೆಡದೆ ಮುಗಿಯುವ ಸವಾರಿ. ಇಂಟರ್‌ವಲ್‌ನ (ಜೋರಾಗಿ ತುಳಿದು, ಸುಧಾರಿಸಿಕೊಂಡು, ಮತ್ತೆ ಜೋರಾಗಿ ತುಳಿಯುವ ಅಭ್ಯಾಸ) ನಡುವೆ ಪಂಕ್ಚರ್ ಆದರೆ ಆ ದಿನದ ಕೆಲಸ ಕೆಟ್ಟಿತು. ಜೊತೆಗೆ ರೇಸ್ ಟೈರಿನ ತೆಳು ಟ್ರೆಡ್ (ನೆಲಕ್ಕೆ ತಾಗುವ ರಬ್ಬರು) ನಿಮ್ಮ ವಾರದ ದೂರಕ್ಕೆ ಬೇಗ ಮುಗಿದುಹೋಗುತ್ತದೆ. ಆದ್ದರಿಂದ ಎರಡು ಜೊತೆ ಇಟ್ಟುಕೊಳ್ಳಿ ಎಂಬುದೇ ನಮ್ಮ ಸಲಹೆ.

ಆದರೆ ಪ್ರಾಕ್ಟೀಸಿಗೆಂದು ಸಿಕ್ಕಿದ್ದರಲ್ಲೇ ಅತಿ ಗಡುಸಾದದ್ದನ್ನು ಆರಿಸಬೇಡಿ. ಗಡುಸು ರಬ್ಬರು ಒದ್ದೆ ರಸ್ತೆಯಲ್ಲಿ ಜಾರುತ್ತದೆ, ಅದೂ ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಕಾಂಟಿನೆಂಟಲ್ ಗೇಟರ್‌ಸ್ಕಿನ್‌ನಂಥ ಕವಚದ ಟೈರ್ ಹಿಂದಕ್ಕೆ ಸರಿ. ಮುಂದಕ್ಕೆ ವಿಟ್ಟೋರಿಯಾ ರುಬಿನೊ ಪ್ರೊ ತರಗತಿಯ ಮಧ್ಯಮ ಟೈರ್ ಒಳ್ಳೆಯದು. ರೇಸಿಗೆ ಕಾಂಟಿನೆಂಟಲ್ ಜಿಪಿ5000, ಶ್ವಾಲ್ಬೆ ಪ್ರೊ ಒನ್, ಹತ್ತಿಯ ಕೇಸಿಂಗಿನ ವಿಟ್ಟೋರಿಯಾ ಕೊರ್ಸಾ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಒಂದೇ ಜೊತೆ ಸಾಕು ಎನ್ನುವವರಿಗೆ ಜಿಪಿ5000 ತರಗತಿಯದ್ದು ಎರಡಕ್ಕೂ ಒದಗುತ್ತದೆ, ಹಿಂದಿನದು ಬೇಗ ಸವೆಯುತ್ತದೆ ಅಷ್ಟೆ.

ರೇಸಿನ ಜೊತೆಯನ್ನು ಹಿಂದಿನ ರಾತ್ರಿ ಹಾಕಬೇಡಿ. ನಾಲ್ಕೈದು ದಿನ ಮೊದಲೇ ಹಾಕಿ ಎರಡು ಸವಾರಿ ಮಾಡಿ. ಬೀಡ್ (ರಿಮ್‌ಗೆ ಕಚ್ಚಿ ಕೂರುವ ಟೈರಿನ ಅಂಚು) ನೆಟ್ಟಗೆ ಕೂತಿದೆಯೇ, ಗಾಳಿ ನಿಲ್ಲುತ್ತದೆಯೇ ಎಂಬುದು ಗೊತ್ತಾಗುತ್ತದೆ, ಹೊಸ ರಬ್ಬರಿನ ಮೇಲಿನ ನುಣುಪು ಹೋಗುತ್ತದೆ, ತಿರುವಿನಲ್ಲಿ ಎಷ್ಟು ಒರಗಬಹುದೆಂಬ ಅಂದಾಜೂ ಕೈಗೆ ಬರುತ್ತದೆ.

ಪ್ರಶ್ನೆ: ನನ್ನ ಹಳೆಯ ಫ್ರೇಮಿನಲ್ಲಿ 23 ಮಿ.ಮೀ. ಟೈರ್ ಇದೆ. ಈಗ ಎಲ್ಲರೂ 28 ಎನ್ನುತ್ತಾರೆ. ಹಾಕಬಹುದೇ? ಅಗಲವಾದರೆ ನಿಧಾನವಾಗುವುದಿಲ್ಲವೇ?

ಒಂದೇ ಒತ್ತಡದಲ್ಲಿ ಅಗಲ ಟೈರ್ ನೆಲವನ್ನು ಮುಟ್ಟುವ ಜಾಗ ಗಿಡ್ಡ ಮತ್ತು ಅಗಲ. ಕಿರಿದಾದದ್ದು ಮುಟ್ಟುವ ಜಾಗ ಉದ್ದ. ಉದ್ದವಾದಾಗ ಸೈಡ್‌ವಾಲ್ (ಟೈರಿನ ಬದಿ) ಹೆಚ್ಚು ಬಾಗುತ್ತದೆ, ನಷ್ಟವೂ ಹೆಚ್ಚು. ಹಾಗಾಗಿ ಅಗಲದಿಂದ ನಿಧಾನವಾಗುವುದಿಲ್ಲ. ಗಾಳಿಯ ತಡೆ ಮಾತ್ರ ಸ್ವಲ್ಪ ಹೆಚ್ಚುತ್ತದೆ. ಆಳ ರಿಮ್ ಇರುವವರು ರಿಮ್‌ನ ಹೊರ ಅಗಲ ಟೈರಿನ ಅಗಲಕ್ಕಿಂತ ಸುಮಾರು 5 ಶೇಕಡಾ ಹೆಚ್ಚಿರುವಂತೆ ನೋಡಿಕೊಂಡರೆ ಗಾಳಿ ರಿಮ್‌ಗೆ ಅಂಟಿಕೊಂಡು ಹರಿಯುತ್ತದೆ. ಮುಂದಿನ ಚಕ್ರದಲ್ಲಿ ಇದು ಲೆಕ್ಕಕ್ಕೆ ಬರುತ್ತದೆ, ಹಿಂದಿನದರಲ್ಲಿ ಅಷ್ಟಾಗಿ ಇಲ್ಲ.

ಇನ್ನು ನಿಮ್ಮ ಫ್ರೇಮ್. ಟೈರಿನ ಮೇಲೆ 28-622 ಎಂದಿರುತ್ತದೆ. 622 ಎಂದರೆ ರಿಮ್ ಮೇಲೆ ಬೀಡ್ ಕೂರುವ ವ್ಯಾಸ ಮಿ.ಮೀ.ಗಳಲ್ಲಿ, 700ಸಿ ಎನ್ನುವುದೂ ಇದನ್ನೇ. 28 ಎಂಬುದು ಹೆಸರಿಗೆ ಅಗಲ. ನಿಜವಾದ ಅಗಲ ನಿಮ್ಮ ರಿಮ್‌ನ ಒಳ ಅಗಲದ ಮೇಲೆ ನಿಂತಿದೆ: ರಿಮ್ ಒಳಗೆ 1 ಮಿ.ಮೀ. ಅಗಲವಾದರೆ ಟೈರ್ ಸುಮಾರು 0.4 ಮಿ.ಮೀ. ಉಬ್ಬುತ್ತದೆ. ಹಳೆಯ ರಿಮ್‌ಗಳ ಒಳ ಅಗಲ 13ರಿಂದ 15 ಮಿ.ಮೀ.; ಈಗಿನವು 19, 21, 23. ಒಂದೇ ಟೈರ್ ನಿಮ್ಮ ರಿಮ್ ಮೇಲೆ 26 ಆಗಿ, ಗೆಳೆಯರ ರಿಮ್ ಮೇಲೆ 29ಕ್ಕೆ ಹತ್ತಿರವಾದರೆ ಆಶ್ಚರ್ಯವಿಲ್ಲ.

ಗಾಳಿ ತುಂಬಿ ಒಂದು ದಿನ ಬಿಟ್ಟು ಕ್ಯಾಲಿಪರ್‌ನಿಂದ ಅಳೆಯಿರಿ, ಏಕೆಂದರೆ ಹೊಸ ಟೈರ್ ಮೊದಲ ದಿನ ಸ್ವಲ್ಪ ಹಿಗ್ಗುತ್ತದೆ. ಫೋರ್ಕಿನ ಒಳಬದಿ, ಚೈನ್‌ಸ್ಟೇ (ಹಿಂದಿನ ಚಕ್ರದ ಪಕ್ಕದ ಕೆಳ ಕೊಳವೆ), ಸೀಟ್ ಟ್ಯೂಬ್, ರಿಮ್ ಬ್ರೇಕಿನ ಕೆಳಭಾಗ, ಎಲ್ಲ ಕಡೆ ಕನಿಷ್ಠ 4 ಮಿ.ಮೀ. ಸಂದು ಬೇಕು. 4 ಮಿ.ಮೀ.ಯ ಅಲೆನ್ ಕೀ ತೂರಿಸಿ ಸುತ್ತಲೂ ಪರೀಕ್ಷಿಸಿದರೆ ಸಾಕು. ಸಂದು ಸಾಲದಿದ್ದರೆ ಟೈರಿಗೆ ಅಂಟಿಬಂದ ಸಣ್ಣ ಕಲ್ಲು ಫ್ರೇಮನ್ನು ಕೆರೆಯುತ್ತದೆ. ಚಕ್ರ ಸ್ವಲ್ಪ ವಾಲಿದರೂ ಉಜ್ಜುತ್ತದೆ. 28 ಹಿಡಿಸದಿದ್ದರೆ 25ಕ್ಕೆ ನಿಲ್ಲಿ. 23ರಿಂದ 25ಕ್ಕೆ ಹೋದರೂ ಕೈಗೆ ಗೊತ್ತಾಗುವಷ್ಟು ಸುಧಾರಿಸುತ್ತದೆ. ಅಳತೆ ಬದಲಾದ ಮೇಲೆ ಸೈಕಲ್ ಕಂಪ್ಯೂಟರಿನಲ್ಲಿ ಚಕ್ರದ ಸುತ್ತಳತೆ ತಿದ್ದುವುದನ್ನು ಮರೆಯಬೇಡಿ: 25ಕ್ಕೆ ಸುಮಾರು 2105 ಮಿ.ಮೀ., 28ಕ್ಕೆ 2136.

ಪ್ರಶ್ನೆ: ಟೈರಿನ ಬದಿಯಲ್ಲಿ ಗರಿಷ್ಠ 115 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದೆ. ನನ್ನ ತೂಕ 71 ಕೆ.ಜಿ., 110 ಹಾಕುತ್ತೇನೆ. ರಸ್ತೆಯ ಪ್ರತಿ ಉಬ್ಬೂ ಕೈಗೆ ಬಡಿಯುತ್ತದೆ. ಇಳಿಸಿದರೆ ವೇಗ ಹೋಗುತ್ತದೆಯೇ?

ಹೋಗುವುದಿಲ್ಲ, ಬಹುಶಃ ಹೆಚ್ಚುತ್ತದೆ. ಅಲ್ಲಿ ಅಚ್ಚಾಗಿರುವುದು ಮೀರಬಾರದ ಮಿತಿ, ಹಾಕಬೇಕಾದ ಒತ್ತಡವಲ್ಲ. ಕನ್ನಡಿಯಂಥ ನುಣುಪು ನೆಲದಲ್ಲಿ ಒತ್ತಡ ಏರಿಸಿದಷ್ಟೂ ಟೈರ್ ಹಗುರವಾಗಿ ಉರುಳುವುದು ನಿಜ. ನಿಜವಾದ ಡಾಂಬರಿನಲ್ಲಿ ಒಂದು ಹಂತ ದಾಟಿದ ಮೇಲೆ ಟೈರ್ ಉಬ್ಬುತಗ್ಗುಗಳನ್ನು ನುಂಗುವುದನ್ನು ಬಿಟ್ಟು ಇಡೀ ಸೈಕಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿಹಾಕತೊಡಗುತ್ತದೆ. ಆ ಕುಲುಕಾಟವನ್ನು ನಿಮ್ಮ ಸ್ನಾಯುಗಳು ತಡೆದುಕೊಳ್ಳಬೇಕು, ಅದಕ್ಕೆ ತಗಲುವ ಶಕ್ತಿ ಮುಂದಕ್ಕೆ ಹೋಗುವ ಶಕ್ತಿಯಿಂದಲೇ ಕಳೆಯುತ್ತದೆ. ತುಸು ಕಡಿಮೆ ಹಾಕಿದರೆ ನಷ್ಟ ಚಿಕ್ಕದು, ತುಸು ಹೆಚ್ಚಾದರೆ ನಷ್ಟ ದೊಡ್ಡದು. ಸಂದೇಹವಿದ್ದಾಗ ಇಳಿಸುವುದೇ ಸರಿ.

ನಿಮ್ಮ ತೂಕಕ್ಕೆ, ಟ್ಯೂಬ್ ಇರುವ ಟೈರಿಗೆ, ಸಾಧಾರಣ ಡಾಂಬರಿನಲ್ಲಿ ಹೀಗೆ ಶುರುಮಾಡಿ: ಅಳೆದಾಗ 25 ಮಿ.ಮೀ. ಇದ್ದರೆ ಮುಂದೆ 82, ಹಿಂದೆ 87. 28 ಇದ್ದರೆ 68 ಮತ್ತು 73. 30 ಇದ್ದರೆ 60 ಮತ್ತು 65. ಹಿಂದೆ ಹೆಚ್ಚು ಭಾರ ಬೀಳುವುದರಿಂದ ಹಿಂದಕ್ಕೆ ಹೆಚ್ಚು. ಅಲ್ಲಿಂದ ಪ್ರತಿ ಸವಾರಿಗೆ 3 ಪಿಎಸ್‌ಐ ಇಳಿಸುತ್ತ ಹೋಗಿ. ಎದ್ದು ನಿಂತು ತುಳಿದಾಗ ಮುಂದಿನ ಟೈರ್ ಮೆದುವಾಗಿ ಅಲುಗುವುದು, ತಿರುವಿನಲ್ಲಿ ಹ್ಯಾಂಡಲ್ ತಡವಾಗಿ ಮಾತು ಕೇಳುವುದು, ಗುಂಡಿಯಲ್ಲಿ ರಿಮ್ ‘ಟಕ್’ ಎನ್ನುವುದು, ಇವುಗಳಲ್ಲಿ ಯಾವುದು ಕಂಡರೂ 4 ಪಿಎಸ್‌ಐ ಮತ್ತೆ ಏರಿಸಿ ಅಲ್ಲೇ ನಿಲ್ಲಿಸಿ. ಮಳೆಯಲ್ಲಿ ಇನ್ನೂ ನಾಲ್ಕೈದು ಕಡಿಮೆ ಮಾಡಬಹುದು. ಒಂದು ಪಂಪಿನ ಮೀಟರು ಇನ್ನೊಂದಕ್ಕೆ ಹೊಂದುವುದಿಲ್ಲ, ಆದ್ದರಿಂದ ಯಾವಾಗಲೂ ಅದೇ ಪಂಪಿನಲ್ಲಿ ತುಂಬಿ.

ಹುಕ್‌ಲೆಸ್ ರಿಮ್ ಇರುವವರಿಗೆ ಮಾತ್ರ ಕಟ್ಟುನಿಟ್ಟಿನ ಎಚ್ಚರಿಕೆ: ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಟೈರ್ ಮೇಲೆ ಬೇರೆ ಏನೇ ಬರೆದಿರಲಿ, ಇದನ್ನು ಮೀರಬಾರದು. ಹುಕ್‌ಲೆಸ್‌ಗೆ ಒಪ್ಪುತ್ತದೆಂದು ತಯಾರಕರೇ ಹೇಳಿರುವ ಟ್ಯೂಬ್‌ಲೆಸ್ ಟೈರ್ ಅಲ್ಲದೆ ಬೇರೆ ಹಾಕಲೂಬಾರದು. ಬೀಡನ್ನು ಹಿಡಿದಿಡಲು ಅಲ್ಲಿ ಕೊಕ್ಕೆಯಿಲ್ಲ, ಟೈರ್ ಒಮ್ಮೆಲೇ ಕಳಚಿಬಿಡಬಹುದು.

ಪ್ರಶ್ನೆ: ರೇಸಿಗೆ ಲೇಟೆಕ್ಸ್ ಟ್ಯೂಬ್, ಟಿಪಿಯು (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬ್, ಟ್ಯೂಬ್‌ಲೆಸ್, ಯಾವುದು?

ಮಾಮೂಲಿ ಬ್ಯೂಟೈಲ್ ಟ್ಯೂಬ್ ಸುಮಾರು 100 ಗ್ರಾಂ, ಗಾಳಿ ಚೆನ್ನಾಗಿ ಹಿಡಿಯುತ್ತದೆ. ಪ್ರಾಕ್ಟೀಸಿಗೆ ಇದೇ ಇರಲಿ. ಲೇಟೆಕ್ಸ್ ಟ್ಯೂಬ್ ಮೆದು, ಒಂದು ಟೈರಿಗೆ ಎರಡು ಮೂರು ವಾಟ್ ಉಳಿಸುತ್ತದೆ. ಆದರೆ ರಾತ್ರಿ ಕಳೆಯುವುದರೊಳಗೆ ಸಾಕಷ್ಟು ಗಾಳಿ ಬಿಡುತ್ತದೆ, ಆದ್ದರಿಂದ ರೇಸಿನ ಬೆಳಿಗ್ಗೆಯೇ ತುಂಬಬೇಕು. ಹಾಕುವ ಮೊದಲು ಟಾಲ್ಕಮ್ ಪೌಡರ್ ಸವರಿ, ಬೀಡಿನ ಕೆಳಗೆ ಎಲ್ಲೂ ಸಿಕ್ಕಿಕೊಂಡಿಲ್ಲ ಎಂದು ಸುತ್ತಲೂ ನೋಡಿ. ಕಾರ್ಬನ್ ರಿಮ್ ಮೇಲೆ ರಿಮ್ ಬ್ರೇಕ್ ಇದ್ದರೆ ಲೇಟೆಕ್ಸ್ ಬೇಡ. ಉದ್ದ ಇಳಿಜಾರಿನಲ್ಲಿ ರಿಮ್ ಕಾಯ್ದು ಟ್ಯೂಬ್ ಒಡೆಯುವ ಅಪಾಯವಿದೆ.

ಟಿಪಿಯು 25ರಿಂದ 40 ಗ್ರಾಂ ಮಾತ್ರ, ಮಡಿಚಿದರೆ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಜೇಬಿನಲ್ಲಿ ಬಿಡಿ ಟ್ಯೂಬಾಗಿ ಇದಕ್ಕಿಂತ ಒಳ್ಳೆಯದಿಲ್ಲ. ಟೈರಿನ ಹೊರಗೆ ಇದಕ್ಕೆ ಗಾಳಿ ಹೊಡೆದು ನೋಡಬೇಡಿ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಮಾಮೂಲಿ ಸೊಲ್ಯೂಷನ್ ಹಚ್ಚಿದ ಪ್ಯಾಚ್ ಇದಕ್ಕೆ ಅಂಟುವುದಿಲ್ಲ, ಇದರದ್ದೇ ಪ್ಯಾಚ್ ಬೇಕು.

ಟ್ಯೂಬ್‌ಲೆಸ್‌ನ ನಿಜವಾದ ಲಾಭ ಸಣ್ಣ ತೂತು ತಾನೇ ಮುಚ್ಚಿಕೊಳ್ಳುವುದು. ಕೂರಿಸುವಾಗ ಕೆಡುವುದು ಸಾಮಾನ್ಯವಾಗಿ ರಿಮ್ ಟೇಪಿನಿಂದ. ಒಳ ಅಗಲಕ್ಕಿಂತ 2–3 ಮಿ.ಮೀ. ಅಗಲದ ಟೇಪ್ ತನ್ನಿ. ರಿಮ್‌ನ ಒಳಗನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ, ಬಿಗಿಯಾಗಿ ಎಳೆಯುತ್ತ ಸುತ್ತಿ, ತುದಿಗಳು 10–15 ಸೆಂ.ಮೀ. ಒಂದರ ಮೇಲೊಂದು ಬರಲಿ. ಟೇಪಿನಲ್ಲಿ ವಾಲ್ವಿಗೆಂದು ಮಾಡುವ ರಂಧ್ರ ಆದಷ್ಟು ಚಿಕ್ಕದಿರಲಿ. ಮೊದಲು ಸೀಲೆಂಟ್ (ತೂತು ಮುಚ್ಚುವ ದ್ರವ) ಇಲ್ಲದೆ, ವಾಲ್ವ್ ಕೋರ್ (ವಾಲ್ವಿನೊಳಗಿನ ಬಿಚ್ಚಬಹುದಾದ ಭಾಗ) ಬಿಚ್ಚಿ, ಬೀಡಿಗೆ ಸೋಪಿನ ನೀರು ಸವರಿ ಗಾಳಿ ನುಗ್ಗಿಸಿ. ‘ಪಟ್ ಪಟ್’ ಸದ್ದಿನೊಂದಿಗೆ ಬೀಡ್ ಕೂರುತ್ತದೆ. ಆಮೇಲೆ ವಾಲ್ವಿನ ಮೂಲಕ 30–40 ಮಿ.ಲೀ. ಸೀಲೆಂಟ್ ಬಿಟ್ಟು, ಕೋರ್ ಹಾಕಿ ಗಾಳಿ ತುಂಬಿ, ಚಕ್ರವನ್ನು ತಿರುಗಿಸಿ ಎರಡೂ ಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿಸಿ. ಎರಡು ಮೂರು ತಿಂಗಳಿಗೊಮ್ಮೆ ಸೀಲೆಂಟ್ ಒಣಗಿದೆಯೇ ನೋಡಿ ಮತ್ತೆ ತುಂಬಬೇಕು; ಬಿಸಿಲ ಕಾಲದಲ್ಲಿ ಇನ್ನೂ ಬೇಗ. ಈ ಆರೈಕೆ ಮಾಡಲು ಮನಸ್ಸಿಲ್ಲದವರಿಗೆ ಲೇಟೆಕ್ಸ್ ಟ್ಯೂಬಿನ ರೇಸ್ ಟೈರ್ ವೇಗದಲ್ಲಿ ಏನೂ ಕಡಿಮೆಯಿಲ್ಲ.

ಪ್ರಶ್ನೆ: ಹಿಂದಿನ ಚಕ್ರ ಮೇಲಿಂದ ಮೇಲೆ ಪಂಕ್ಚರ್. ಟ್ಯೂಬ್ ಬದಲಿಸಿದ ಮಾರನೆ ದಿನವೇ ಮತ್ತೆ. ಟೈರ್ ಕಳಪೆಯೇ?

ಟೈರನ್ನು ದೂರುವ ಮೊದಲು ತೂತು ಎಲ್ಲಿದೆ ನೋಡಿ. ಟೈರ್ ಹಾಕುವಾಗಲೇ ಅದರ ಹೆಸರಿನ ಅಚ್ಚು ವಾಲ್ವಿನ ಎದುರು ಬರುವಂತೆ ಕೂರಿಸುವ ಅಭ್ಯಾಸ ಮಾಡಿಕೊಳ್ಳಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ, ಟೈರಿನಲ್ಲಿ ಹೆಸರಿನಿಂದ ಅಷ್ಟೇ ದೂರ ಹುಡುಕಿದರೆ ಸಾಕು. ನಿಮ್ಮದು ಬಹುಶಃ ಟೈರಿನಲ್ಲೇ ಉಳಿದ ತಂತಿಯ ಎಳೆ: ಲಾರಿ ಟೈರ್ ಸಿಡಿದಾಗ ರಸ್ತೆಗೆ ಚೆಲ್ಲುವ ಕೂದಲಿನಷ್ಟು ಸಪೂರ ಉಕ್ಕಿನ ತಂತಿ. ಕಣ್ಣಿಗೆ ಕಾಣದು, ಟೈರನ್ನು ಒಳಗಿನಿಂದ ಹೊರಕ್ಕೆ ಮಡಿಚಿದಾಗ ಮಾತ್ರ ತುದಿ ಇಣುಕುತ್ತದೆ. ಹತ್ತಿಯ ತುಣುಕಿನಿಂದ ಒಳಗೆ ಸವರಿದರೆ ಎಳೆ ಸಿಕ್ಕಿಕೊಳ್ಳುತ್ತದೆ; ಬೆರಳು ಬೇಡ, ಚುಚ್ಚುತ್ತದೆ. ಚಿಮಟದಿಂದ ಕಿತ್ತುಹಾಕಿ.

ತೂತು ಟ್ಯೂಬಿನ ಒಳಸುತ್ತಿನಲ್ಲಿದ್ದರೆ ತಪ್ಪು ರಿಮ್ ಟೇಪಿನದು: ಅದು ಸರಿದು ಸ್ಪೋಕ್ ರಂಧ್ರದ ಅಂಚು ಟ್ಯೂಬನ್ನು ಕಡಿಯುತ್ತಿದೆ. ಎರಡು ಸೀಳು ಅಕ್ಕಪಕ್ಕದಲ್ಲಿದ್ದರೆ ಗಾಳಿ ಕಡಿಮೆಯಿದ್ದು ಗುಂಡಿಯಲ್ಲಿ ರಿಮ್‌ಗೂ ರಸ್ತೆಗೂ ನಡುವೆ ಟ್ಯೂಬ್ ಜಜ್ಜಿದೆ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪಂಪಿನ ತಲೆಯನ್ನು ಓರೆಯಾಗಿ ಎಳೆದಿದ್ದೀರಿ. ಉದ್ದ ಸೀಳಿನೊಂದಿಗೆ ‘ಢಂ’ ಎಂದು ಒಡೆದಿದ್ದರೆ ಟ್ಯೂಬ್ ಬೀಡಿನ ಕೆಳಗೆ ಸಿಕ್ಕಿತ್ತು. ಇದಾಗದಿರಲು ಟ್ಯೂಬ್ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡಿ. ಎರಡನೇ ಬೀಡನ್ನು ವಾಲ್ವಿನ ಎದುರುಬದಿಯಿಂದ ಶುರುಮಾಡಿ ವಾಲ್ವಿನ ಬಳಿ ಮುಗಿಸಿ. ಕೊನೆಗೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಕೊನೆಯ ಗೇಣಿಗೆ ಲಿವರ್ ಬೇಡ, ಉಳಿದ ಬೀಡನ್ನೆಲ್ಲ ರಿಮ್‌ನ ನಡುತೋಡಿಗೆ ತಳ್ಳಿದರೆ ಹೆಬ್ಬೆರಳೇ ಸಾಕು.

ಪ್ರಶ್ನೆ: ಟಿಪಿಐ ಹೆಚ್ಚಿದ್ದಷ್ಟೂ ಒಳ್ಳೆಯ ಟೈರೇ?

ಒಂದೇ ತಯಾರಕರ ಟೈರುಗಳೊಳಗೆ ಹೋಲಿಸಲು ಮಾತ್ರ ಉಪಯೋಗ. ಟಿಪಿಐ ಎಂದರೆ ಇಂಚಿಗೆ ಎಷ್ಟು ನೂಲು ಎಂಬ ಲೆಕ್ಕ. ಕೆಲವರು ಒಂದು ಪದರದ್ದು ಹೇಳುತ್ತಾರೆ, ಕೆಲವರು ಪದರಗಳನ್ನು ಕೂಡಿಸುತ್ತಾರೆ. ಜಿಪಿ5000ದ 330 ಎಂಬುದು 110ರ ಮೂರು ಪದರ.

ಪ್ರಶ್ನೆ: ಹಿಂದಿನ ಟೈರ್ ಸವೆದಿದೆ, ಮುಂದಿನದು ಚೆನ್ನಾಗಿದೆ. ಅದಲುಬದಲು ಮಾಡಿದರೆ ಎರಡೂ ಸಮವಾಗಿ ಸವೆಯುವುದಿಲ್ಲವೇ?

ದಯವಿಟ್ಟು ಮಾಡಬೇಡಿ. ಸವೆದ ಟೈರ್ ಮುಂದಕ್ಕೆ ಬಂದರೆ ಸಿಡಿಯುವ, ಜಾರುವ ಸಾಧ್ಯತೆ ಇರುವ ಟೈರನ್ನು ಅತಿ ಅಪಾಯದ ಜಾಗಕ್ಕೆ ತಂದಂತೆ. ಹಿಂದಿನದನ್ನು ಎಸೆಯಿರಿ, ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಕೊಡಿ. ಟ್ರೆಡ್ ನಡುವೆ ಚಪ್ಪಟೆಯಾಗಿ ಅಂಚು ಮೂಡಿದ್ದರೆ, ಸವೆತ ತೋರಿಸುವ ಚಿಕ್ಕ ಗುಳಿಗಳು ಅಳಿಸಿದ್ದರೆ, ಕೇಸಿಂಗಿನ ನೂಲು ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಅದರ ಕಾಲ ಮುಗಿಯಿತು. ಸವೆಯದಿದ್ದರೂ ಸೈಡ್‌ವಾಲ್ ಬಿರುಕುಬಿಟ್ಟ ಟೈರ್ ರೇಸಿಗೆ ಬೇಡ. ರೇಸಿನ ಜೊತೆಯನ್ನು ಬಿಸಿಲು ತಾಗದ ತಂಪಾದ ಕಡೆ ಇಡಿ, ಓಡುವ ಮೋಟಾರಿನ ಹತ್ತಿರ ಬೇಡ. ಅಲ್ಲಿ ಹುಟ್ಟುವ ಓಝೋನ್ ರಬ್ಬರನ್ನು ಬಿರಿಸುತ್ತದೆ.

ಪ್ರಶ್ನೆ: ಮಳೆಗಾಲದ ರೇಸಿಗೆ ಗೀರು ಇರುವ ಟ್ರೆಡ್ ಬೇಕೇ?

ಬೇಡ. ಕಾರಿನ ಅಗಲ ಟೈರಿನಂತೆ ಸೈಕಲ್ ಟೈರ್ ನೀರಿನ ಮೇಲೆ ತೇಲುವುದಿಲ್ಲ. ಅಷ್ಟು ಕಿರಿದಾದ, ದುಂಡಗಿನ, ಒತ್ತಡದ ಟೈರ್ ತೇಲಬೇಕಾದರೆ ಗಂಟೆಗೆ 100 ಕಿ.ಮೀ.ಯನ್ನೂ ಚೆನ್ನಾಗಿ ಮೀರಬೇಕು. ಒದ್ದೆಯಲ್ಲಿ ಹಿಡಿತ ಕೊಡುವುದು ರಬ್ಬರಿನ ಮಿಶ್ರಣ ಮತ್ತು ಕಡಿಮೆ ಒತ್ತಡ. ಮಳೆಯಲ್ಲಿ ಗಾಜಿನ ಚೂರು ಟೈರಿಗೆ ಅಂಟಿ ಒಳಕ್ಕೆ ಇಳಿಯುವುದು ಹೆಚ್ಚು, ಆದ್ದರಿಂದ ಸವಾರಿ ಮುಗಿದ ಕೂಡಲೇ ಟ್ರೆಡ್ ಒರೆಸಿ, ಸಿಕ್ಕಿಕೊಂಡ ಚೂರುಗಳನ್ನು ಸೂಜಿಯ ತುದಿಯಿಂದ ಎಬ್ಬಿಸಿ ತೆಗೆಯಿರಿ.

ಪ್ರಶ್ನೆ: ಮನೆಯೊಳಗಿನ ಟ್ರೈನರ್ ಮೇಲೆ ಯಾವ ಟೈರ್?

ಹಿಂದಿನ ಚಕ್ರ ಬಿಚ್ಚಿ ಕೂರಿಸುವ ಟ್ರೈನರ್ ಆದರೆ ಈ ಚಿಂತೆಯೇ ಇಲ್ಲ. ಟೈರನ್ನು ರೋಲರಿಗೆ ಒತ್ತುವ ಬಗೆಯದಾದರೆ ರೇಸ್ ಟೈರ್ ಕಾಯ್ದು ಬೇಗ ಕರಗಿಹೋಗುತ್ತದೆ. ಹಳೆಯ ಟೈರ್ ಅಥವಾ ಟ್ರೈನರಿಗೆಂದೇ ಮಾಡಿದ ಗಡುಸು ಟೈರ್ ಹಾಕಿ, ಸಾಧ್ಯವಾದರೆ ಅದಕ್ಕೊಂದು ಹಳೆಯ ಚಕ್ರವನ್ನೇ ಮೀಸಲಿಡಿ. ಆ ಗಡುಸು ಟೈರಿನೊಂದಿಗೆ ರಸ್ತೆಗೆ ಇಳಿಯಬೇಡಿ, ಮೊದಲ ಒದ್ದೆ ತಿರುವಿನಲ್ಲೇ ಜಾರುತ್ತದೆ.